ಎರಡು ಹೊತ್ತು ಕರೆದು ನೋಡಿ

"ಹಿಂದಿನ ಎಡ ಮೊಲೆ ಸ್ವಲ್ಪ ಬಿಗಿ ಅಂದ್ರಲ್ಲ ಯಜಮಾನ್ರೇ, ಆ ಒಂದ್ ಮಾತು ಕೇಳೇ ನಾನು ದುಡ್ಡು ಹಾಕ್ಸಿದ್ದು," ಅಂದರು ಆಕೆ.

ಗೇಟಿನ ಕಂಬಿ ಹಿಡಿದುಕೊಂಡು ನಿಂತಿದ್ದರು. ಒಳಗೆ ಬನ್ನಿ ಅಂತ ನಾನು ಎರಡು ಸಲ ಕರೆದಿದ್ದೆ, ಕಾಲು ಒಳಗಿಟ್ಟಿರಲಿಲ್ಲ. ಅವರ ಹಿಂದೆ ರಸ್ತೆಯಲ್ಲಿ ಒಂದು ಲಗೇಜ್ ಆಟೋ. ಅದರ ಹಿಂಬಾಗಿಲು ಆಗಲೇ ಬಿಚ್ಚಿತ್ತು, ಹಸು ಹತ್ತಿಸುವುದಕ್ಕೆ ಹಲಗೆಯನ್ನೂ ಇಳಿಸಿ ಆಗಿತ್ತು. ಪಕ್ಕದಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳು ನೆಲ ನೋಡುತ್ತಾ ನಿಂತಿದ್ದಳು.

ನಮ್ಮ ಯಜಮಾನರು ಲಕ್ಕಪ್ಪ ಜಗಲಿಯ ಮೇಲೆ ಕೂತಿದ್ದವರು ಏಳಲಿಲ್ಲ. "ಮೊಲೆ ಬಿಗಿ ಅಂದೋನು ನಾನೇ ಕಣಮ್ಮ. ದುಡ್ಡು ಇಸ್ಕೊಂಡೋನು ನಾನಲ್ಲ," ಅಂದರು.

ಈ ಮಾತನ್ನು ಅವರು ಹೇಳುತ್ತಿದ್ದುದು ಒಂಬತ್ತನೇ ಸಲ. ಮೊದಲನೇ ಸಲ ಕೂಗಾಡಿ ಹೇಳಿದ್ದರು. ಮೂರನೇ ಸಲವೋ ನಾಲ್ಕನೇ ಸಲವೋ ಕಣ್ಣಲ್ಲಿ ನೀರು ಹಾಕಿಕೊಂಡು ಹೇಳಿದ್ದರು. ಈಗ ಬಸ್ಸಿನ ಟೈಮು ಕೇಳಿದವರಿಗೆ ಹೇಳುವ ಹಾಗೆ ಹೇಳಿದರು, ಅಷ್ಟೆ.

"ಹಂಗಾದ್ರೆ ಇದ್ಯಾರು?"

ಆಕೆ ಮಗಳ ಕೈಯಿಂದ ಫೋನು ಕಿತ್ತುಕೊಂಡು ಗೇಟಿನ ಮೇಲಿಂದ ಹಿಡಿದರು. ನಾನು ನೋಡಬೇಕಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡರೂ ಗೊತ್ತು. ನಮ್ಮ ಕೊಟ್ಟಿಗೆ, ನಮ್ಮ ಕೆಂಪಿ, ಕೆಂಪಿಯ ಬೆನ್ನ ಮೇಲೆ ಇವರ ಕೈ. ಇವರದೇ ದನಿ: "ನಾನು ಲಕ್ಕಪ್ಪ, ಹಳೇಬೀಡು. ಇದು ಎರಡನೇ ಸೂಲಿನ ಹಸು. ಎರಡು ಹೊತ್ತಿಂದೂ ಸೇರಿ ಹದಿನಾಲ್ಕು ಲೀಟರು. ಸುಳಿ ನೋಡ್ಕಳಿ, ಹಣೇಲಿ ಒಂದೇ ಸುಳಿ, ಬೆನ್ನಲ್ಲಿ ಕೆಟ್ಟದ್ದು ಯಾವ್ದೂ ಇಲ್ಲ. ಊನ ಒಂದೈತೆ, ಮುಚ್ಚಿಡಲ್ಲ. ಹಿಂದಿನ ಎಡ ಮೊಲೆ ಸ್ವಲ್ಪ ಬಿಗಿ, ಕರೆಯೋರಿಗೆ ಬೆರಳು ನೋಯ್ತದೆ. ಹಸು ಮುಟ್ಟಿ ಹೇಳ್ತಿದೀನಿ."

ನಮ್ಮ ಕಡೆ ಹಸು ಮಾರುವವನು ಹಾಗೇ ಹೇಳುವುದು. ಬೆನ್ನ ಮೇಲೆ ಕೈ ಇಟ್ಟು, ಗುಣ ಹೇಳಿ, ಕೊನೆಗೆ ಊನವನ್ನೂ ಹೇಳಬೇಕು. ಊನ ಹೇಳದವನ ಹತ್ತಿರ ಯಾರೂ ಹಸು ಕೊಳ್ಳುವುದಿಲ್ಲ. ಕೈ ಇಟ್ಟು ಸುಳ್ಳು ಹೇಳಿದವನ ಕೊಟ್ಟಿಗೆ ಉಳಿಯುವುದಿಲ್ಲ ಅನ್ನುವ ಭಯ ಹಳೇಬೀಡಿನಲ್ಲೂ ಇದೆ, ಅರಸೀಕೆರೆಯಲ್ಲೂ ಇದೆ. ಪೇಟೆಯವರು ಈ ವಿಡಿಯೋ ನೋಡಿದ್ದರೆ ಮೊಲೆ ಬಿಗಿ ಅಂದ ತಕ್ಷಣ ಬೇಡ ಅಂದು ಮುಂದಕ್ಕೆ ಹೋಗುತ್ತಿದ್ದರು. ಮೋಸ ಹೋದವರೆಲ್ಲ ನಮ್ಮ ಹಾಗೆ ದನ ಕಟ್ಟುವವರೇ. ಊನ ಹೇಳಿದವನನ್ನು ನಂಬಿದವರು.

"ಬಸಮ್ಮ ಅಂತ ನಾನು. ಬಾಣಾವರದ ಹತ್ರ ನಮ್ಮೂರು," ಅಂದರು ಆಕೆ. "ಇವಳು ನನ್ ಮಗಳು ಗಾನವಿ. ಅದ್ಯಾಕೆ ಹಂಗ್ ನಿಂತಿದೀಯೇ, ಹೇಳೇ."

ಹುಡುಗಿ ತಲೆ ಎತ್ತದೆ ಹೇಳಿದಳು. "ಅಂಕಲ್, ಅವ್ರು ನಿಮ್ ಆಧಾರ್ ಕಾರ್ಡ್ ಕಳ್ಸಿದ್ರು. ಹೆಸ್ರು ನೋಡ್ದೆ, ಫೋಟೋ ನೋಡ್ದೆ, ವಿಡಿಯೋ ಜೊತೆ ತಾಳೆ ಹಾಕ್ದೆ. ಎಲ್ಲಾ ಸರಿ ಇತ್ತು. ನಾನ್ ಚೆಕ್ ಮಾಡೇ ಹಾಕಿದ್ದು."

"ದುಡ್ಡು ಹೋಗಿದ್ದು ಯಾರ್ ಹೆಸ್ರಿಗೆ?"

"ಬೇರೆ ಹೆಸ್ರು ಬಂತು. ಕೇಳ್ದೆ. ನನ್ ಅಳಿಯಂದು ಖಾತೆ ಅಂದ್ರು."

"ನಂಗೆ ಮಗಳೇ ಇಲ್ಲವಲ್ಲವ್ವ," ಅಂದರು ಇವರು. "ಅಳಿಯ ಎಲ್ಲಿಂದ ಬತ್ತಾನೆ."

ಆಟೋದ ಡ್ರೈವರು ಅಲ್ಲಿಂದಲೇ ಒಂದು ನಗೆ ನಕ್ಕ. ಧರ್ಮೇಶ ಅಂತ ಅವನ ಹೆಸರು. "ಕಳ್ಳರು ಒಳ್ಳೆ ಸಂಬಂಧಾನೇ ಕುದುರ್ಸಿದಾರೆ ಬಿಡಣ್ಣ. ಅಳಿಯ ಹಬ್ಬಕ್ಕಾದ್ರೂ ಬತ್ತಾನಾ?"

ಯಾರೂ ನಗಲಿಲ್ಲ.

ನಾನು ಗೇಟಿನ ಹತ್ತಿರ ಹೋಗಿ ಬಸಮ್ಮನ ಕೈ ಹಿಡಿದುಕೊಂಡೆ. "ಒಳಗ್ ಬನ್ನಿ. ನಿಮ್ಗಿಂತ ಮುಂಚೆ ಎಂಟು ಜನ ಹಿಂಗೇ ಬಂದೋಗವ್ರೆ. ಹಸು ಐತೆ. ನೋಡೋವ್ರಂತೆ," ಅಂದೆ. ಹಸು ಇದೆ ಅಂದಾಗ ಮಾತ್ರ ಆಕೆ ಒಳಗೆ ಬಂದರು. ಬರುವವರೆಲ್ಲ ಹಾಗೇ. ಅಲ್ಲಿಯವರೆಗೂ ಹಸುವೇ ಸುಳ್ಳು ಅಂದುಕೊಂಡಿರುತ್ತಾರೆ.

ಇದು ಶುರುವಾದದ್ದು ಶ್ರಾವಣದಲ್ಲಿ. ಮೂರು ಹಸು ಸಾಕುವಷ್ಟು ನನ್ನ ಮಂಡಿಯಲ್ಲಿ ಶಕ್ತಿ ಉಳಿದಿಲ್ಲ, ಒಂದು ಮಾರೋಣ ಅಂತ ನಾನೇ ಹಟ ಹಿಡಿದೆ. ಸಂತೆಗೆ ಹೊಡೆದುಕೊಂಡು ಹೋಗುವುದು ಯಾಕೆ, ಈಗ ಎಲ್ಲರೂ ಫೋನಿನಲ್ಲೇ ಮಾರುತ್ತಾರಲ್ಲ ಅಂತ ಫೋಟೋ ಹಾಕಿದೆವು. ಮಾರನೇ ದಿನವೇ ಒಬ್ಬ ಫೋನ್ ಮಾಡಿದ. ಎಂಥ ಮಾತು ಅವನದು! ಅಣ್ಣ ಅನ್ನದೆ ಬಾಯಿ ತೆರೆಯುತ್ತಿರಲಿಲ್ಲ. ಅತ್ತಿಗೆ ಊಟ ಆಯ್ತಾ ಅಂತ ನನ್ನನ್ನೂ ಕೇಳುತ್ತಿದ್ದ. ಸುಳಿ ತೋರಿಸಣ್ಣ ಅಂದ, ಹಲ್ಲು ತೋರಿಸಣ್ಣ ಅಂದ, ನಡೆಸಿ ತೋರಿಸಣ್ಣ ಅಂದ. ದನದ ವಿಷಯ ಬಲ್ಲವನು ಅಂತ ಇವರಿಗೆ ಖುಷಿಯೋ ಖುಷಿ. "ನಮ್ಮಪ್ಪ ಹಳೇ ಕಾಲದವ್ರು, ಹಸು ಮುಟ್ಟಿ ಹೆಸ್ರು ಊರು ಹೇಳಿ ಒಂದು ವಿಡಿಯೋ ಕಳ್ಸಿಬಿಡಿ ಅಣ್ಣ, ಅವ್ರಿಗೆ ನೆಮ್ಮದಿ," ಅಂದ. ಹೇಳಿದರು. ಗಾಡಿಯಲ್ಲಿ ಹಸು ಸಾಗಿಸಲು ಪರ್ಮಿಟ್ಟಿಗೆ ಬೇಕು ಅಂತ ಆಧಾರ್ ಕಾರ್ಡಿನ ಹಿಂದೆ ಮುಂದೆ ಫೋಟೋ ಕೇಳಿದ. ಕಳಿಸಿದರು. ಆಮೇಲೆ ಅವನ ಫೋನೇ ಸ್ವಿಚ್ ಆಫ್. ಬೇರೆ ಕಡೆ ಸಿಕ್ಕಿರಬೇಕು, ಪಾಪ, ಹೇಳೋಕೆ ಸಂಕೋಚ ಪಟ್ಟುಕೊಂಡ ಅಂದುಕೊಂಡೆವು.

ಒಂದು ತಿಂಗಳಿಗೆ, ಅದೇ ವಿಡಿಯೋ ನಂಬಿ ದುಡ್ಡು ಹಾಕಿದ ಮೊದಲನೆಯವನು ಬಂದ, ಬಿಕ್ಕೋಡಿನ ಕಡೆಯ ದ್ಯಾವಯ್ಯ. ಎಸ್ಟೇಟಿನಲ್ಲಿ ಕೆಲಸ ಮಾಡುವವನು, ಜೀಪು ಮಾಡಿಕೊಂಡು ಮೂವರನ್ನು ಜೊತೆಗೆ ಕರೆದುಕೊಂಡು ಬಂದಿದ್ದ. ಇವರ ಕೊರಳಪಟ್ಟಿಗೆ ಕೈ ಹಾಕಿದ. ಅದಾದ ಮೇಲೆ ಅರೇಹಳ್ಳಿಯಿಂದ ಇಬ್ಬರು. ಮತ್ತೆ ದೂರದೂರದವರು. ಪ್ರತಿಯೊಬ್ಬರಿಗೂ ಹಸು ತೋರಿಸುವುದು, ಕಥೆ ಹೇಳುವುದು, ಸ್ಟೇಷನ್ನಿಗೆ ಜೊತೆಯಲ್ಲಿ ಹೋಗಿ ದೂರು ಬರೆಸುವುದು, ಬಂದು ಊಟಕ್ಕೆ ಬಡಿಸುವುದು. ಮನೆ ಬಾಗಿಲಿಗೆ ಅಷ್ಟು ದೂರದಿಂದ ಬಂದವರನ್ನು ಹಾಗೇ ಕಳಿಸುವುದು ಹೇಗೆ? ಸ್ಟೇಷನ್ನಿನವರಿಗೆ ಈಗ ಇವರ ಮುಖ ನೋಡಿದರೆ ಸಾಕು, ಕುರ್ಚಿ ಎಳೆದು ಕೂರಿಸುತ್ತಾರೆ.

ಅಷ್ಟೇ ಆಗಿದ್ದರೆ ಸುಸ್ತು ಮಾತ್ರ. ಆದರೆ ಇವರ ಆಸ್ತಿ ಅಂತ ಇದ್ದದ್ದು ಒಂದೇ, ಬಾಯಿಯ ಮಾತು. ಎರಡೆಕರೆ ಹೊಲ ಎಲ್ಲರಿಗೂ ಇದೆ. ಲಕ್ಕಪ್ಪ ನೋಡಿ ಸರಿ ಅಂದ ಹಸುವನ್ನು ಕಣ್ಣು ಮುಚ್ಚಿ ಕಟ್ಟಬಹುದು ಅನ್ನುವ ಮಾತು ಮಾತ್ರ ಇವರೊಬ್ಬರದೇ. ಅರಸೀಕೆರೆಯ ತೆಂಗಿನಕಾಯಿ ಮಂಡಿಯ ದೇವೀರಪ್ಪನವರಂಥವರು ಇಪ್ಪತ್ತು ವರ್ಷದಿಂದ ಇವರನ್ನು ಕರೆಸಿಕೊಂಡು ಹೋಗಿ ಹಸು ಆರಿಸುತ್ತಿದ್ದರು. ದೀಪಾವಳಿಗೆ ಮುಂಚೆ ಇವರು ಅರಸೀಕೆರೆ ಸಂತೆಗೆ ಹೋದಾಗ ಯಾರೋ "ಇವನೇ ಕಣ್ರೋ, ವಿಡಿಯೋದೋನು" ಅಂತ ಕೂಗಿದರಂತೆ. ನಾಲ್ಕೈದು ಜನ ಫೋನು ಎತ್ತಿ ಹಿಡಿದು ಇವರನ್ನೇ ತೆಗೆದರಂತೆ. ದೇವೀರಪ್ಪನವರು ದೂರದಿಂದ ನೋಡಿಯೂ ನೋಡದ ಹಾಗೆ ಹೋದರಂತೆ. ಅದನ್ನು ಇವರು ನನಗೆ ಹೇಳಿದ್ದು ಹದಿನೈದು ದಿನದ ಮೇಲೆ, ಹಲ್ಲುಜ್ಜುತ್ತಾ, ಬೇರೆ ಯಾರದೋ ವಿಷಯ ಹೇಳುವ ಹಾಗೆ. ಅಲ್ಲಿಂದ ಈಚೆಗೆ ಇವರನ್ನು ಹಸು ನೋಡಲು ಯಾರೂ ಕರೆದಿಲ್ಲ.

ಕೆಂಪಿಯನ್ನು ಮಾರಲೂ ಇಲ್ಲ. "ಹಸು ಕಣ್ಣಿಗೆ ಕಾಣಲಿಲ್ಲ ಅಂದ್ರೆ ನಾನೇ ಮಾರ್ಕೊಂಡು ತಿಂದೆ ಅಂತಾರೆ ಕಣೇ. ಅದೊಂದೇ ನಂಗೆ ಸಾಕ್ಷಿ," ಅನ್ನುತ್ತಾರೆ. ಸಾಕ್ಷಿಗೆ ಹುಲ್ಲು ಹಾಕುವವಳು ನಾನು.

ಕೊಟ್ಟಿಗೆಯಲ್ಲಿ ಬಸಮ್ಮ ಮೊದಲು ಕೆಂಪಿಯ ಹಣೆ ನೋಡಿದರು, ಕತ್ತಿನ ಕೆಳಗಿನ ಗಂಗೆದೊಗಲು ಸವರಿದರು, ಆಮೇಲೆ ಪಕ್ಕಕ್ಕೆ ಕುಕ್ಕರಗಾಲಲ್ಲಿ ಕೂತು ಎಡ ಮೊಲೆಗೆ ಕೈ ಹಾಕಿದರು. ಗೊತ್ತಿಲ್ಲದ ಕೈ ಅಂತ ಕೆಂಪಿ ಒಂದು ಹೆಜ್ಜೆ ಸರಿದಳು. "ಹೋ, ಹೋ, ಏನೂ ಇಲ್ಲ ಕಣವ್ವ," ಅಂದರು. ಎರಡು ಎಳೆ ಹಾಲು ನೆಲಕ್ಕೆ ಬಿತ್ತು.

"ಬಿಗಿನೇ," ಅಂದರು.

"ಸುಳ್ಳು ಹೇಳಿಲ್ವಲ್ಲ ನಾನು," ಅಂದರು ಇವರು ಬಾಗಿಲಲ್ಲಿ ನಿಂತು.

"ಇಲ್ಲ. ನಿಜಾನೇ ಹೇಳಿದೀರಿ." ಆಕೆ ಎದ್ದು ಸೀರೆಯ ಸೆರಗಿಗೆ ಕೈ ಒರೆಸಿಕೊಂಡರು. "ನಮ್ ಹಸ ಹೊಟ್ಟೆ ಉಬ್ಬರ ಬಂದು ಸತ್ತೋಯ್ತು. ವಿಮೆ ದುಡ್ಡು ಬಂತು. ಆ ದುಡ್ಡಲ್ಲಿ ಹಸಾನೇ ತರ್ಬೇಕು, ಬೇರೇದಕ್ಕೆ ಮುಟ್ಟಬಾರ್ದು ಅಂತ ಇಟ್ಟಿದ್ದೆ. ಮುಟ್ಟಲೇ ಇಲ್ಲ ನೋಡಿ, ಹಂಗೇ ತಗೊಂಡೋಗಿ ಅವನ್ ಕೈಗಿಟ್ಟೆ."

ಧರ್ಮೇಶ ಕೊಟ್ಟಿಗೆಯೊಳಗೆ ಇಣುಕಿದ. "ಒಂಬತ್ತು ಜನಕ್ಕೆ ಮಾರಾಟ ಆಗಿರೋ ಹಸ, ಇನ್ನೂ ಇಲ್ಲೇ ಮೆಲುಕು ಹಾಕ್ತೈತಲ್ಲಣ್ಣ! ಇದರ ಹೊಟ್ಟೆ ತಣ್ಣಗಿರ್ಲಿ."

"ನೀನು ಸುಮ್ಕಿರ್ತೀಯೇನಪ್ಪಾ," ಅಂದರು ಬಸಮ್ಮ. "ನಿನ್ನ ಬಾಡಿಗೆ ಕೊಡ್ತೀನಿ, ಬಾಯಿ ಮುಚ್ಕೊ."

"ಬಾಡಿಗೆ ಯಾರ್ ಕೇಳಿದ್ರಕ್ಕ. ಡೀಸಲ್ದು ಕೊಟ್ರೆ ಸಾಕು," ಅಂದ. ಆ ಮಾತು ಹೇಳಿ ತಾನೇ ನಾಚಿಕೊಂಡವನ ಹಾಗೆ ಹೊರಗೆ ಹೋದ.

ಊಟಕ್ಕೆ ಏಳಿಸುವುದರಲ್ಲಿ ನನಗೆ ಸಾಕಾಯಿತು. ಅವತ್ತು ಮೊಟ್ಟೆ ಸಾರು ಮಾಡಿದ್ದೆ. ಬಸಮ್ಮನ ಹಣೆಯ ವಿಭೂತಿ ನೋಡಿ ಮತ್ತೆ ಒಲೆ ಹತ್ತಿಸಿ ಹುರುಳಿಕಾಳು ಬೇಯಿಸಿದೆ. ಮುದ್ದೆ ತೊಳಸುವಾಗ ನನ್ನ ಭುಜ ಕಿತ್ತು ಬರುವ ಹಾಗಾಯಿತು. ಒಂದು ಕ್ಷಣ ಅನ್ನಿಸಿತು, ಆ ಕಳ್ಳನನ್ನು ಒಂದು ದಿನ ಇಲ್ಲಿ ಕೂರಿಸಿ ಇಷ್ಟು ಮುದ್ದೆ ತೊಳಸಿಸಬೇಕು. ಬಸಮ್ಮ ಊಟಕ್ಕೆ ಬಂದವಳಲ್ಲ ನಾನು ಅಂದರು. ನಾನು, "ನಾನೇನ್ ಮದುವೆ ಊಟ ಹಾಕ್ತಿದೀನಾ? ಕೂತ್ಕಳಿ," ಅಂತ ರೇಗಿದೆ. ರೇಗಿದ್ದಕ್ಕೇ ಕೂತರು ಅನ್ನಿಸುತ್ತದೆ.

ಊಟದ ಹೊತ್ತಿಗೆ ಇಂದ್ರೇಶ ಬೈಕಿನಲ್ಲಿ ಬಂದ. ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ ಅವನು. ಇಂಥವರು ಬಂದಾಗಲೆಲ್ಲ ನಾನು ಅವನಿಗೇ ಫೋನ್ ಮಾಡುವುದು. ಬಂದವನೇ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, "ಯಾವತ್ತು ಹಾಕಿದ್ದಮ್ಮ ದುಡ್ಡು?" ಅಂದ.

"ಸೋಮವಾರ. ಅಡ್ವಾನ್ಸು. ಆಮೇಲೆ ಮಂಗಳವಾರ ಗಾಡಿ ಪರ್ಮಿಟ್ಟಿಗೆ ಅಂತ ಇನ್ನೊಂದ್ಸಲ."

"ಇವತ್ತು ಗುರುವಾರ." ಅವನ ಮುಖ ಇಳಿಯಿತು. "ಹಾಕಿದ ತಕ್ಷಣ ಗೊತ್ತಾಗಿ ಒಂಬೈನೂರ... ಅಲ್ಲ, ಹತ್ತೊಂಬತ್ತು ಮೂವತ್ತಕ್ಕೆ ಫೋನ್ ಮಾಡಿದ್ರೆ ಕೆಲವೊಂದ್ಸಲ ದುಡ್ಡು ಮುಂದಕ್ಕೆ ಹೋಗದಂಗೆ ತಡೀತಾರೆ. ಒಂದು ಒಂಬತ್ತು ಮೂರು ಸೊನ್ನೆ, ಸೈಬರ್ ಪೊಲೀಸ್ರ ನಂಬರ್ರು. ಈಗ್ಲೂ ಮಾಡಣ. ಬಿಡೋದು ಬೇಡ."

ಮಾಡಿದರು. ಹುಡುಗಿ ಹೆಸರು, ಬ್ಯಾಂಕು, ದಿನ, ಗಂಟೆ ಎಲ್ಲಾ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಗಟ್ಟಿಯಾಯಿತು. ದೂರಿನ ನಂಬರು ಬಂತು. ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

ಇಂದ್ರೇಶ ಬಸಮ್ಮನನ್ನು ಕೇಳಿದ. "ನಿಮ್ಮೂರಲ್ಲೂ ಡೈರಿ ಐತಲ್ಲಮ್ಮ?"

"ಐತೆ. ಹಸ ಇದ್ದಾಗ ದಿನಾ ಹಾಲು ಹಾಕ್ತಿದ್ದೋಳೇ ನಾನು."

"ನಿಮ್ ಕಾರ್ಯದರ್ಶಿಗೆ ಒಂದ್ ಮಾತು ಹೇಳಿದ್ರೆ ಅವ್ರು ನಂಗೆ ಫೋನ್ ಮಾಡೋವ್ರು. ಹಳೇಬೀಡು ಲಕ್ಕಪ್ಪನ ಹಸ ಮಾರಾಟಕ್ಕೈತಾ ಅಂತ ಕೇಳೋಕೆ ಎರಡು ನಿಮಿಷ. ನಾನು ಇಲ್ಲ ಕಣ್ರೀ ಅಂತಿದ್ದೆ. ಅಲ್ಲಿಗೆ ಮುಗೀತಿತ್ತು."

ಬಸಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಹೇಳಲಿಲ್ಲ ಕಣಪ್ಪ."

"ಯಾಕೆ?"

"ಹಸ ಕೊಟ್ಟಿಗೇಲಿ ಕಟ್ಟೋಗಂಟ ಯಾರಿಗೂ ಬಾಯಿ ಬಿಡಬಾರ್ದು ಅಂತ ನಮ್ಮತ್ತೆ ಕಾಲದಿಂದ್ಲೂ. ಕಣ್ ಬೀಳ್ತದೆ ಅಂತ. ನಮ್ ಮನೆಯೋರಿಗೇ ಹೇಳಿರ್ಲಿಲ್ಲ, ಇವತ್ತು ಬೆಳಿಗ್ಗೆ ಗಾಡಿ ಬಂದ್ ಮೇಲೆ ಹೇಳಿದ್ದು. ಆ ಫೋನಿನೋನೂ ಹಂಗೇ ಅಂದ. ಅಕ್ಕ, ಯಾರಿಗೂ ಹೇಳ್ಬೇಡಿ, ಬೇರೆಯೋರು ಜಾಸ್ತಿ ಕೇಳ್ತವ್ರೆ, ನಿಮ್ ಹೆಸ್ರಿಗೇ ಇಟ್ಟಿರ್ತೀನಿ ಅಂದ. ನಂಗೆ ಅದು ಸರಿ ಅನ್ನಿಸ್ತು."

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ನಾವೂ ಹಾಗೇ ಮಾಡಿರಲಿಲ್ಲವೇ? ಹಸು ಮಾರುವ ವಿಷಯ ಕೇರಿಯವರಿಗೆ ಗೊತ್ತಾಗದಿರಲಿ ಅಂತ ಬಾಗಿಲು ಹಾಕಿಕೊಂಡು ನಾವೇ ವಿಡಿಯೋ ತೆಗೆದಿದ್ದೆವು. ಆವತ್ತು ಇಂದ್ರೇಶನಿಗೆ ಒಂದು ಮಾತು ಹೇಳಿದ್ದರೆ, ಆಧಾರ್ ಕಾರ್ಡು ಯಾಕಣ್ಣ ಅವನಿಗೆ ಅಂತ ಅವನು ಕೇಳುತ್ತಿದ್ದ. ನಮ್ಮ ಗುಟ್ಟು ನಮಗೆ ದೊಡ್ಡದಾಗಿತ್ತು.

"ಅದ್ಕೇ ಲಕ್ಕಪ್ಪಣ್ಣ ನಾನು ಬಾಯಿ ಬಡ್ಕೊಳ್ಳೋದು," ಅಂದ ಇಂದ್ರೇಶ. ಇನ್ನೇನು ಹೇಳುತ್ತಾನೆ ಅಂತ ನನಗೆ ಗೊತ್ತಿತ್ತು. ಎರಡು ತಿಂಗಳಿಂದ ಅವನು ಅದನ್ನೇ ಕೇಳುತ್ತಿದ್ದಾನೆ. "ಒಂದು ವಿಡಿಯೋ ಮಾಡಣ. ಬೇಲೂರು ತಾಲ್ಲೂಕು, ಅರಸೀಕೆರೆ ತಾಲ್ಲೂಕು, ಎಲ್ಲಾ ಡೈರಿಯೋರ ಗ್ರೂಪಿಗೂ ಹಾಕ್ತೀನಿ. ಬೆಳಿಗ್ಗೆ ಹಾಲು ಹಾಕೋ ಟೈಮಲ್ಲಿ ಎಲ್ಲಾರಿಗೂ ತೋರಿಸ್ಲಿ. ನೀವು ಅದೇ ಹಸು ಪಕ್ಕ ನಿಂತ್ಕೊಂಡು ಹೇಳ್ಬೇಕು, ನನ್ ಮುಖ ನಂಬಿ ದುಡ್ಡು ಹಾಕ್ಬೇಡಿ ಅಂತ. ನಾನು ಹೇಳಿದ್ರೆ ಯಾರ್ ಕೇಳ್ತಾರೆ? ಆ ಮುಖವೇ ಹೇಳ್ಬೇಕು."

"ಆಗಲ್ಲ ಕಣ್ಲಾ."

"ಯಾಕಾಗಲ್ಲ?"

"ಹಸು ಮುಟ್ಟಿ, ನನ್ನ ಮಾತು ನಂಬಬೇಡಿ ಅಂತ ನಾನೇ ಹೇಳ್ಲಾ? ನಲವತ್ತು ವರ್ಷ ನಂಬಿ ಅಂತ ಹೇಳ್ಕೊಂಡು ಬಂದ ಬಾಯಿ. ಹಂಗೊಂದ್ಸಲ ಹೇಳಿದ್ ಮೇಲೆ ನಾಳೆ ಯಾವ ಹಸ ತೋರಿಸಿ ಸರಿ ಅಂದ್ರೂ ಯಾರ್ ಕೇಳ್ತಾರೆ? ಕಳ್ಳ ಅರ್ಧ ಕಿತ್ಕೊಂಡವ್ನೆ. ಉಳಿದರ್ಧ ನಾನೇ ಕೊಟ್ಬಿಡ್ಲಾ?"

"ಕೊಡದೆ ಇಟ್ಕೊಂಡು ಏನ್ ಮಾಡ್ತೀರಿ? ಇನ್ನೂ ಒಂಬತ್ತು ಜನ ಬರ್ತಾರೆ."

"ಬರ್ಲಿ. ಊಟ ಹಾಕ್ತೀನಿ."

"ಹಾಕೋಳು ನಾನು," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಹೊರಗಿನವರ ಎದುರಿಗೆ ನಾನು ಇವರಿಗೆ ಹಾಗೆ ಎದುರಾಡಿದವಳಲ್ಲ. ಇವರು ಬಗ್ಗಿ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತರು. ನನಗೆ ಅಯ್ಯೋ ಅನ್ನಿಸಿತು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವಷ್ಟು ಶಕ್ತಿಯೂ ಇರಲಿಲ್ಲ.

ಬಸಮ್ಮ ಕೈ ತೊಳೆದು ಬಂದು ಇವರ ಎದುರಿಗೇ ಕೂತರು. "ಯಜಮಾನ್ರೇ, ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು."

"ಕೇಳಮ್ಮ."

"ಹಸಿನ ಊನ ಯಾಕ್ ಹೇಳಿದ್ರಿ ನೀವು? ಹೇಳದಿದ್ರೂ ನಡೀತಿತ್ತು. ಫೋನಿನಲ್ಲಿ ಮೊಲೆ ಬಿಗಿ ಯಾರಿಗ್ ಕಾಣ್ತದೆ?"

"ಹೇಳ್ಬೇಕಲ್ಲಮ್ಮ. ಕೊಂಡೋರು ಆಮೇಲೆ ಕಷ್ಟ ಪಡ್ತಾರೆ."

"ಹಂಗೇ ಇದೂ. ಮಾತು ನಂಬಬೇಡಿ ಅಂತ ಯಾಕ್ ಹೇಳ್ತೀರಿ, ಅದನ್ನ ಹೇಳ್ಬೇಡಿ. ನಿಮ್ ಊನ ಹೇಳಿ. ಗೊತ್ತಿಲ್ಲದೋನಿಗೆ ಹೆಸ್ರು ಕೊಟ್ಟೆ, ಕಾರ್ಡ್ ಕೊಟ್ಟೆ, ದನಿ ಕೊಟ್ಟೆ, ಯಾರನ್ನೂ ಕೇಳ್ದೆ ಕೊಟ್ಟೆ ಅಂತ. ಅದು ನಿಮ್ದೇ ತಾನೆ? ನನ್ ಊನ ನಾನೂ ಹೇಳ್ತೀನಿ ಬೇಕಾದ್ರೆ. ಯಾರ್ಗೂ ಹೇಳ್ದೆ ದುಡ್ಡು ಹಾಕ್ಸಿದೆ ಅಂತ. ನಂಗೇನು ನಾಚ್ಕೆ ಇಲ್ವಾ? ಊರಿಗೆ ಹೋಗಿ ಮುಖ ಹೆಂಗ್ ತೋರ್ಸ್ಲಿ ಅಂತ ದಾರಿ ಉದ್ದಕ್ಕೂ ಅದೇ ಆಗೈತೆ. ಹೆಂಗಿದ್ರೂ ಗೊತ್ತಾಗ್ತದೆ. ನಾನೇ ಹೇಳ್ಬಿಡ್ತೀನಿ."

ಇವರು ಎದ್ದು ಹಿತ್ತಲ ಕಡೆ ಹೋದರು. ಇಂದ್ರೇಶ ನನ್ನ ಕಡೆ ನೋಡಿ ಕೈ ಚೆಲ್ಲಿದ. ಧರ್ಮೇಶ ಗಾಡಿಯ ಹಲಗೆ ಎತ್ತಿ ಒಳಗಿಟ್ಟು ಹಿಂಬಾಗಿಲು ಹಾಕುವ ಸದ್ದು ಕೇಳಿಸಿತು. ಇನ್ನು ಹೊರಡೋಣ ಅನ್ನುವಂತೆ ಹುಡುಗಿ ಚಪ್ಪಲಿ ಹಾಕಿಕೊಂಡಳು.

ಅಷ್ಟರಲ್ಲಿ ಕೊಟ್ಟಿಗೆಯಿಂದ ಇವರ ದನಿ. "ಏ ಇಂದ್ರೇಶ. ಬಾರ್ಲಾ. ಬೆಳಕು ಸಾಲ್ತದಾ ನೋಡು ಇಲ್ಲಿ."

ಎಲ್ಲರೂ ಹೋದೆವು. ಇವರು ಮುಖ ತೊಳೆದು ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ಕೆಂಪಿಯ ಬೆನ್ನ ಮೇಲೆ ಕೈ ಇಟ್ಟಿದ್ದರು. ಇಂದ್ರೇಶನ ಫೋನಿನಲ್ಲಿ ಜಾಗ ಇಲ್ಲ ಅಂತ ಬಂತು, ಅವನಿಗೆ ಗಡಿಬಿಡಿ. ಕೊನೆಗೆ ಗಾನವಿಯೇ ತನ್ನ ಫೋನು ಹಿಡಿದಳು.

"ಅಂಕಲ್, ಶುರು ಮಾಡಿ."

ತಲೆಯ ಟವೆಲ್ಲನ್ನು ಇನ್ನೊಂದು ಸಲ ಬಿಗಿ ಮಾಡಿಕೊಂಡರು.

"ನಾನು ಲಕ್ಕಪ್ಪ. ಹಳೇಬೀಡು. ಈ ಹಸ ನೀವು ಫೋನಿನಲ್ಲಿ ನೋಡಿರ್ತೀರಿ. ಇದು ನಮ್ಮನೇಲೇ ಐತೆ. ಯಾರಿಗೂ ಮಾರಿಲ್ಲ. ಫೋನಿನಲ್ಲಿ ಮಾರೋದೂ ಇಲ್ಲ. ನನ್ನ ಹೆಸ್ರಲ್ಲಿ ಯಾರೋ ಒಂಬತ್ತು ಮನೆಯೋರ ದುಡ್ಡು ತಿಂದವ್ರೆ." ಕೆಂಪಿಯ ಬೆನ್ನ ಮೇಲಿನ ಬೆರಳುಗಳು ಕೂದಲೊಳಗೆ ಇಳಿದವು. "ಇದ್ರಲ್ಲಿ ನನ್ನ ಊನಾನೂ ಐತೆ. ಮುಖ ನೋಡದೋನಿಗೆ ನನ್ನ ಹೆಸ್ರು, ಊರು, ಆಧಾರ್ ಕಾರ್ಡು ಎಲ್ಲಾ ಕೊಟ್ಟೆ. ಅಣ್ಣ ಅಂದ, ಕೊಟ್ಟೆ. ಮನೆಯೋಳ್ನ ಬಿಟ್ರೆ ಊರಲ್ಲಿ ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಯಾರಾದ್ರೂ ತಡೆಯೋರು. ಹಸು ಕೊಳ್ಳೋರು ಕೇಳಿ. ಕೊಳ್ಳೋಕೆ ಮುಂಚೆ ನಿಮ್ಮೂರ ಡೈರಿಯೋರಿಗೆ ಹೇಳಿ, ಅವ್ರು ಮಾರೋರ ಊರಿನ ಡೈರಿಗೆ ಫೋನ್ ಮಾಡ್ಲಿ. ಕಣ್ಣು ಬಿದ್ರೆ ಇಳಿ ತೆಗೆದ್ರೆ ಆಯ್ತು. ಆಮೇಲೆ ಬನ್ನಿ. ಒಂದು ರಾತ್ರಿ ಇದ್ದು, ಎರಡು ಹೊತ್ತು ನೀವೇ ಹಾಲು ಕರೆದು ನೋಡಿ. ನಮ್ಮಪ್ಪನ ಕಾಲದಲ್ಲೂ ಹಂಗೇ ಕೊಳ್ತಿದ್ರು. ನಾವೇ ಬಿಟ್ಟು ಕೂತಿದೀವಿ. ಕರೆದು ನೋಡೋಗಂಟ ಒಂದ್ ರೂಪಾಯೂ ಯಾರಿಗೂ ಹಾಕ್ಬೇಡಿ. ನಂಗೂ ಹಾಕ್ಬೇಡಿ."

"ಆಯ್ತಾ ಅಂಕಲ್?"

"ಆಯ್ತವ್ವ. ಇಷ್ಟೇ ಇರೋದು."

ಆಮೇಲೆ ಬಸಮ್ಮ ನಿಂತರು. ಅವರದು ನಾಲ್ಕೇ ಮಾತು. ಹೆಸರು ಹೇಳಿದರು, ಊರು ಹೇಳಿದರು, ಯಾರಿಗೂ ಹೇಳದೆ ದುಡ್ಡು ಹಾಕಿಸಿದೆ, ನನ್ನ ಮಗಳದ್ದೇನೂ ತಪ್ಪಿಲ್ಲ ಅಂದರು. ಕೊನೆಯ ಮಾತು ಕೇಳಿ ಹುಡುಗಿ ಫೋನು ಹಿಡಿದುಕೊಂಡೇ ಮುಖ ಆಚೆ ತಿರುಗಿಸಿದಳು. ವಿಡಿಯೋದಲ್ಲಿ ಆ ಜಾಗದಲ್ಲಿ ಕೆಂಪಿಯ ಬಾಲ ಮಾತ್ರ ಕಾಣುತ್ತದೆ.

ಅವರು ಹೊರಟಾಗ ಹೊತ್ತು ಇಳಿದಿತ್ತು. ಕೆರೆ ಏರಿಯ ಮೇಲೆ ಪ್ರವಾಸಿಗರ ಬಸ್ಸುಗಳು ವಾಪಸು ಹೋಗುತ್ತಿದ್ದವು. ಸ್ಟೇಷನ್ನಿನಲ್ಲಿ ಬರವಣಿಗೆ ದೂರು ಕೊಡಿಸಿ, ಹಾಗೇ ಜಾವಗಲ್ ರಸ್ತೆಗೆ ಬಿಡುತ್ತೇನೆ ಅಂತ ಇಂದ್ರೇಶ ಮುಂದೆ ಬೈಕಿನಲ್ಲಿ ಹೋದ. ಬಸಮ್ಮ ಆಟೋ ಹತ್ತುವ ಮುಂಚೆ ನನ್ನ ಕಡೆ ತಿರುಗಿ, "ಕಾಳು ಸಾರು ಚೆನ್ನಾಗಿತ್ತಕ್ಕ," ಅಂದರು.

ನಾನು ಪಾತ್ರೆ ತೊಳೆದು ಎದ್ದಾಗ ಇವರು ಜಗಲಿಯ ಮೇಲೆ ಫೋನು ಎದುರಿಗಿಟ್ಟುಕೊಂಡು ಕೂತಿದ್ದರು, ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾಯುವವರ ಹಾಗೆ. ಇಂದ್ರೇಶನ ಫೋನು ಬಂತು. ಇವರಿಗೆ ಕಿವಿ ಮಂದ, ಸ್ಪೀಕರಿಗೆ ಹಾಕಿದರು.

"ಹಾಕಿದೀನಣ್ಣ. ಎಲ್ಲಾ ಗ್ರೂಪಿಗೂ ಹೋಯ್ತು. ಅರಸೀಕೆರೆ ಕಡೆಯೋರೂ ಮುಂದಕ್ಕೆ ಕಳ್ಸಿದಾರೆ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಒಬ್ರು ಕೇಳಿದಾರೆ."

"ಏನಂತೆ?"

"ಹಸ ಚೆನ್ನಾಗೈತೆ, ರೇಟ್ ಎಷ್ಟು ಅಂತ."

ನನಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಅಷ್ಟು ಸುಸ್ತಾಗಿತ್ತು. ಇವರು ಮಾತ್ರ ನಗಲಿಲ್ಲ. ಮೀಸೆ ಸವರಿಕೊಂಡು ಯೋಚನೆ ಮಾಡಿದರು.

"ಬಂದು ಕರೆದು ನೋಡೋಕ್ ಹೇಳು ಕಣ್ಲಾ," ಅಂದರು. "ರೇಟು ಆಮೇಲೆ."

"ನಿಜಕ್ಕೂ ಹೇಳ್ಲಾ ಅಣ್ಣ?"

"ಹೇಳು. ಎರಡು ಹೊತ್ತು ಅಂತಾನೂ ಹೇಳು."

ಫೋನು ಇಟ್ಟರು. ರಸ್ತೆಯಲ್ಲಿ ಒಂದು ಮೊಪೆಡ್ಡು ಬರುತ್ತಿತ್ತು, ಹಿಂದುಗಡೆ ಹಾಲಿನ ಕ್ಯಾನು. ನಮ್ಮ ಗೇಟಿನ ಹತ್ತಿರ ಬಂದು ನಿಧಾನವಾಯಿತು. ಮತ್ತೊಬ್ಬರು ಬಂದರೇನೋ ಅಂತ ನಾವಿಬ್ಬರೂ ಅತ್ತ ನೋಡಿದೆವು. ಮೇಲಿನ ಕೇರಿಯ ಗಿಡ್ಡಯ್ಯ. ಡೈರಿಯಿಂದ ವಾಪಸು ಹೊರಟಿದ್ದ, ಅಲ್ಲೇ ವಿಡಿಯೋ ನೋಡಿರಬೇಕು. ನಿಲ್ಲಿಸಲಿಲ್ಲ, ಏನೂ ಕೇಳಲಿಲ್ಲ. ಹಾರ್ನ್ ಒತ್ತಿ, ಇವರ ಕಡೆ ನೋಡಿ, ಒಂದು ಕೈ ಎತ್ತಿ ಮುಂದಕ್ಕೆ ಹೋದ. ಅವನ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಇವರ ಕೈಯೂ ಮೇಲೆದ್ದಿತು.